ಶನಿವಾರದ ಕೊನೆಯ ಹಾಡು

ಜನವರಿ 4, ಶನಿವಾರ

ಈ ಡೈರಿ ನಮ್ಮ ಯಜಮಾನರಿಗೆ ಬಂದದ್ದು. ರೇಷ್ಮೆ ಗೂಡಿನ ಮಾರುಕಟ್ಟೆ ಪಕ್ಕದ ಅಂಗಡಿಯವರು ಪ್ರತಿ ವರ್ಷವೂ ಕೊಡುತ್ತಾರೆ. ಈ ಸಲ ತಂದು ಮಂಚದ ಮೇಲಿಟ್ಟರೆ ಮುಟ್ಟಿಯೂ ನೋಡಲಿಲ್ಲ, ಗೋಡೆ ಕಡೆಗೆ ತಿರುಗಿ ಮಲಗಿದರು. ಒಳ್ಳೆಯ ಕಾಗದ ಯಾಕೆ ಹಾಳಾಗಬೇಕು ಎಂದು ನಾನೇ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ನಮ್ಮ ಫಿಲೇಚರ್, ರೇಷ್ಮೆ ನೂಲು ತೆಗೆಯುವ ಶೆಡ್ಡು, ಮುಚ್ಚಿದೆವು. ದೊಡ್ಡ ದೊಡ್ಡ ಆಟೊಮ್ಯಾಟಿಕ್ ಮಿಷನ್ನುಗಳು ಬಂದ ಮೇಲೆ, ಗೂಡು ಬೇಯಿಸಿ ಕೈಯಲ್ಲಿ ಎಳೆ ಹುಡುಕಿ ನೂಲು ತೆಗೆಯುವ ನಾವು ಎಲ್ಲಿ ನಿಲ್ಲುವುದು? ಗುಜರಿಯವನು ನೂಲು ಸುತ್ತುವ ಚಕ್ರಗಳನ್ನೆಲ್ಲ ಲಾರಿಗೆ ಹಾಕಿಕೊಂಡು ಹೋದ ದಿನ ಇವರು ಬಂದು ಮಲಗಿದವರು. ಸ್ನಾನ, ಊಟ, ಮತ್ತೆ ಮಂಚ. ಏನು ಕೇಳಿದರೂ ಹ್ಞೂ, ಊಹ್ಞೂ. ಮನೆಯ ಹಿಂದೆಯೇ ಇರುವ ಶೆಡ್ಡಿಗೆ ಅವತ್ತಿನಿಂದ ಕಾಲಿಟ್ಟಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಅವರಾಗೇ ಎದ್ದು ಏನಾದ್ರೂ ಒಂದು ಕೆಲಸ ಮಾಡ್ಬೇಕಮ್ಮ. ಅಲ್ಲಿವರೆಗೂ ಕೈ ಹಿಡಿದು ಎಳೀಬೇಡಿ" ಅಂದರು. ಎಳೆಯದೆ ಕೂತಿರುವುದು ಹೇಗೆ ಎಂದು ಮಾತ್ರ ಹೇಳಿಕೊಡಲಿಲ್ಲ.

ಇವತ್ತಿನಿಂದ ಆ ಶೆಡ್ಡಿನಲ್ಲಿ ಡಾನ್ಸು! ಶಶಾಂಕ್ ಅಂತ ಚನ್ನಪಟ್ಟಣದ ಹುಡುಗ, ಬಿಡದಿಯ ಕಾರ್ಖಾನೆಯಲ್ಲಿ ಇಂಜಿನಿಯರ್. ಶನಿವಾರ ಸಂಜೆ ಮಾತ್ರ ಬಾಡಿಗೆಗೆ ಬೇಕೆಂದು ಬಂದ. ಒದ್ದೆ ಕಾಲುಗಳು ಓಡಾಡಿ ಓಡಾಡಿ ನುಣುಪಾದ ನಮ್ಮ ಚಪ್ಪಡಿ ನೆಲದ ಮೇಲೆ ಮೊಣಕಾಲೂರಿ ಕೂತು ಸವರಿದ. "ಮೇಡಂ, ಇಂಥಾ ನೆಲ ಬೆಂಗಳೂರಲ್ಲೂ ಸಿಗಲ್ಲ" ಅಂದ. ಸ್ವಿಂಗ್ ಡಾನ್ಸ್ ಅಂತೆ. ಉಯ್ಯಾಲೆ ಕಟ್ಟುತ್ತಾರೇನೋ, ತೊಲೆ ತಡೆಯುತ್ತದೋ ಇಲ್ಲವೋ ಎಂದು ನಾನು ಮೇಲೆ ನೋಡಿದೆ.

ಉಯ್ಯಾಲೆ ಅಲ್ಲ. ಕಹಳೆ, ಪಿಯಾನೊ ಇರುವ ಓಬೀರಾಯನ ಕಾಲದ ಇಂಗ್ಲಿಷ್ ಹಾಡಿಗೆ ಇಬ್ಬಿಬ್ಬರು ಕೈ ಹಿಡಿದುಕೊಂಡು ಕುಣಿಯುವುದು. ಹಾಡು ಮುಗಿದರೆ ಜೋಡಿ ಬದಲು. ಕನಕಪುರದ ಬ್ಯಾಂಕಿನ ಗಿರಿಜಾಂಬ, ಮಾಗಡಿಯ ಹೈಸ್ಕೂಲ್ ಮೇಷ್ಟರು, ಬಿಡದಿಯಲ್ಲಿ ಕೆಲಸಕ್ಕಿರುವ ಒಂದಷ್ಟು ಹುಡುಗ ಹುಡುಗಿಯರು. ಮೇಷ್ಟರು ಗಿರಿಜಾಂಬನವರ ಕಾಲು ತುಳಿಯುವುದೂ ಸಾರಿ ಕೇಳುವುದೂ ನಡೆದೇ ಇತ್ತು.

ನಾನು ಬೀಗ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದೆ. ಎಂಟೂವರೆಗೆ ಶಶಾಂಕ್ "ಇದೇ ಕೊನೇ ಹಾಡು" ಅಂದ. ಅದು ಮುಗಿಯಿತು, ಒಬ್ಬರೂ ಕದಲಲಿಲ್ಲ. ಇನ್ನೊಂದು ಕೊನೇ ಹಾಡು. ಅದಾದ ಮೇಲೆ ಮತ್ತೊಂದು ಕೊನೇ ಹಾಡು. ಹಾಳಾಗಿ ಹೋಗಲಿ ಎಂದು ಮೇನ್ ಸ್ವಿಚ್ಚೇ ಆಫ್ ಮಾಡಿಬಿಟ್ಟೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ.

ಜನವರಿ 7, ಮಂಗಳವಾರ

ಮೈದುನ ಕೆಂಪರಾಜು ಮಾಗಡಿಯಿಂದ ಬಂದಿದ್ದ. ಅಣ್ಣನ ಮಂಚದ ಹತ್ತಿರ ಒಂದು ಗಳಿಗೆ ನಿಂತು, ಅಡುಗೆಮನೆಗೆ ಬಂದ.

"ಅತ್ಗೆ, ಆ ಶೆಡ್ಡು ಅಣ್ಣನ ಕಣ್ಣಿಗೆ ಬೀಳ್ದಂಗೆ ಮಾಡ್ಬುಡಬೇಕು. ಟೈಲ್ಸ್ ಅಂಗ್ಡಿಯೋರು ಗೋಡೌನ್‌ಗೆ ಕೇಳ್ತಾವ್ರೆ. ಟೈಲ್ಸ್ ಪೇರ್ಸಿ ಷಟರ್ ಎಳುದ್ಬುಟ್ರೆ ಮುಗೀತು. ಅವನೂ ಮರೀತಾನೆ."

ಶಿವರಾತ್ರಿ ಕಳೆಯಲಿ, ನೋಡೋಣ ಅಂದೆ. ನಿಜ ಹೇಳಬೇಕೆಂದರೆ ಆ ಶೆಡ್ಡು ನನಗೂ ಸಾಕಾಗಿದೆ. ಎಷ್ಟು ತೊಳೆದರೂ ಬೆಂದ ಹುಳದ ವಾಸನೆ ಹೋಗುವುದಿಲ್ಲ.

ಜನವರಿ 11, ಶನಿವಾರ

ಇವತ್ತಿನದು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಶಶಾಂಕ್ ಬಂದವನೇ, "ಮೇಡಂ, ಹೋದ್ವಾರ ಕತ್ತಲಲ್ಲಿ ಮೇಷ್ಟ್ರು ಗೋಡೆಗೆ ಗುದ್ಕೊಂಡ್ರು. ಇನ್ಮೇಲೆ ಕೊನೇ ಹಾಡು ನೀವೇ ಹಾಕ್ಬುಡಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ" ಅಂದ. ಸ್ಪೀಕರಿಗೆ ನನ್ನ ಫೋನನ್ನೇ ಜೋಡಿಸಿಕೊಟ್ಟ.

"ಅದ್ರಲ್ಲೇನಪ್ಪಾ ಇರೋದು? ಯಾವ್ದೋ ಒಂದು ಹಾಕುದ್ರೆ ಆಯ್ತು."

"ಅಯ್ಯೋ ಇಲ್ಲ ಮೇಡಂ. ಇಡೀ ಸಂಜೇಲಿ ಅದೇ ಕಷ್ಟದ್ದು. ಜನಕ್ಕೆ ಸಾಕು ಅನ್ನಿಸ್ಬೇಕು, ಬೇಜಾರಾಗ್ಬಾರ್ದು. ಮನೆಗೂ ಹೋಗ್ಬೇಕು, ಮುಂದಿನ್ವಾರ ಬರೋ ಆಸೇನೂ ಉಳೀಬೇಕು."

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಅನ್ನಿಸಿತು. ನಮ್ಮಲ್ಲಿ ಭಜನೆಯಾಗಲಿ ನಾಟಕವಾಗಲಿ, ಮಂಗಳ ಹಾಡಿದರೆಂದರೆ ಮುಗಿಯಿತು. ಯಾರೂ ಒಂದು ಮಾತು ಆಡದೆ ಎದ್ದು ಹೋಗುತ್ತಾರೆ. ನಮ್ಮ ಬೀದಿಯ ಭಜನೆ ಮಂಡಳಿ ಹಾಡಿದ ಮಂಗಳ ನನ್ನ ಫೋನಿನಲ್ಲೇ ಇತ್ತು. ಎಂಟೂವರೆ ಹೊಡೆಯಿತು, ಹಾಕಿಬಿಟ್ಟೆ.

ತಾಳ ಟಿಂಗ್ ಅಂದದ್ದೇ ತಡ, ಕುಣಿಯುತ್ತಿದ್ದವರೆಲ್ಲ ಕೈ ಕೈ ಬಿಟ್ಟು, ಕೈ ಮುಗಿದು ನಿಂತುಬಿಟ್ಟರು. ಮೇಷ್ಟರು ಶೂ ಬಿಚ್ಚಿ ಪಕ್ಕಕ್ಕಿಟ್ಟರು. ಗಿರಿಜಾಂಬನವರು ಕಣ್ಣು ಮುಚ್ಚಿದ್ದವರು, ಹಾಡು ಮುಗಿದ ಮೇಲೆ ಮಂಗಳಾರತಿ ತಟ್ಟೆ ಎಲ್ಲಿ ಎಂದು ಅತ್ತಿತ್ತ ನೋಡಿದರು. ಆಮೇಲೆ ಎಲ್ಲರೂ ಗೋಡೆಗೊರಗಿ ಸಾಲಾಗಿ ಕೂತರು. ನನಗೆ ಅರ್ಥವಾಗಲಿಲ್ಲ. ಟೀ ಮಾಡಲು ಬರುವ ಜೈನಬ್, ನಮ್ಮಲ್ಲಿ ನೂಲು ತೆಗೆಯುತ್ತಿದ್ದವಳು, ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಅವ್ರು ಪ್ರಸಾದಕ್ಕೆ ಕಾಯ್ತಾವ್ರೆ" ಅಂದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. ಮನೆಗೆ ಓಡಿ ಬಾಳೆಹಣ್ಣಿನ ಚಿಪ್ಪು ತಂದು ಹಂಚಿದೆ. ಆಮೇಲೇ ಎದ್ದು ಹೋದದ್ದು.

ಬರೆಯಬೇಕಾದ್ದು ಅದಲ್ಲ. ತಟ್ಟೆ ತೆಗೆದುಕೊಂಡು ಹೋದರೆ ಇವರು ಗೋಡೆ ಬಿಟ್ಟು ಈ ಕಡೆ ತಿರುಗಿದ್ದರು.

"ಮಂಗಳ ಯಾಕಮ್ಮಿ ಹಾಕ್ದೆ, ಕುಣಿಯೋ ಜಾಗ್ದಲ್ಲಿ?"

ಮುದ್ದೆ ತಟ್ಟೆಯಿಂದ ಜಾರುವುದೊಂದು ಬಾಕಿ. ಇಷ್ಟು ದಿನಗಳಲ್ಲಿ ಇವರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು. ಗೊತ್ತಾಗಲಿಲ್ಲ, ತಪ್ಪಾಯಿತು ಅಂದೆ. ಉಂಡು ಮತ್ತೆ ತಿರುಗಿ ಮಲಗಿದರು. ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಜನವರಿ 14, ಸಂಕ್ರಾಂತಿ

ಎಳ್ಳು ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು ಮತ್ತೆ ಗೋಡೆ ಕಡೆಗೆ ತಿರುಗಿದರು.

ಬೆಳಗಿನಿಂದ ಅಡುಗೆಮನೆಯಲ್ಲಿ ಫೋನಿನಲ್ಲಿ ಹಾಡು ಹಾಕಿ ನೋಡಿದೆ. ಹಳೆಯದು, ಹೊಸದು, ದೇವರದ್ದು, ಮಂಗಳವನ್ನೂ ಹಾಕಿದೆ. ಇವರು ಮಿಸುಕಲಿಲ್ಲ. ಹಾಗಾದರೆ ಹಾಡಲ್ಲ ಇವರಿಗೆ ಕೇಳಿಸಿದ್ದು. ಶೆಡ್ಡಿನಿಂದ ಬಂದ ಹಾಡು. ಮಂಚದ ಪಕ್ಕದ ಕಿಟಕಿ ಶೆಡ್ಡಿನ ಕಡೆಗೇ ಇದೆ, ಮುಚ್ಚಿದ್ದರೂ ಕೇಳುತ್ತದೆ. ಅಂದರೆ ಮಲಗಿದ್ದಾರೆ ಎಂದು ನಾನು ತಿಳಿದುಕೊಂಡಾಗಲೆಲ್ಲ ಇವರು ಕೇಳಿಸಿಕೊಳ್ಳುತ್ತಿದ್ದಾರೆ!

ಯಾವ ಹಾಡಿಗೆ ಇವರು ಎದ್ದು ಬರಬಹುದು? ಅದನ್ನು ಕಂಡುಹಿಡಿಯಬೇಕು. ಕೈ ಹಿಡಿದು ಎಳೆಯಬೇಡಿ ಅಂದರು ಡಾಕ್ಟರು, ಹಾಡು ಹಾಕಬೇಡಿ ಅನ್ನಲಿಲ್ಲವಲ್ಲ.

ಜನವರಿ 18, ಶನಿವಾರ

ಶಶಾಂಕನ ಪಟ್ಟಿಯಿಂದ ಎಲ್ಲಕ್ಕಿಂತ ಜೋರಿನದು ಹಾಕಿದೆ. ಡ್ರಮ್ಮು ಹೊಡೆದ ಹೊಡೆತಕ್ಕೆ ಹೆಂಚು ಅದುರಿತು. ಜನಕ್ಕೆ ಮೈಮೇಲೆ ಬಂದ ಹಾಗಾಗಿ ಬೆವರು ಸುರಿಸಿಕೊಂಡು "ಇನ್ನೊಂದು, ಇನ್ನೊಂದು" ಎಂದು ಕೂಗಿದರು. ಇವರು ಹೊದಿಕೆ ತಲೆ ಮೇಲೆ ಎಳೆದುಕೊಂಡಿದ್ದರು.

ಜನವರಿ 25, ಶನಿವಾರ

ಇವತ್ತು ತದ್ವಿರುದ್ಧ. ಒಬ್ಬ ಹೆಂಗಸು ಒಬ್ಬಳೇ ನಿಧಾನವಾಗಿ ಹಾಡುವುದು. ಮಾತು ತಿಳಿಯದಿದ್ದರೂ ಯಾರನ್ನೋ ಕಳೆದುಕೊಂಡಿದ್ದಾಳೆ ಎಂದು ತಿಳಿಯುತ್ತದೆ. ಬಿಡದಿಯ ಒಂದು ಹುಡುಗಿ ಅರ್ಧದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇವರು ಊಟ ಬೇಡ ಅಂದರು.

ಅಳಿಸುವ ಹಾಡು ಇನ್ನು ಬೇಡ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಜನವರಿ 29, ಬುಧವಾರ

ಜೈನಬ್ ಒಂದು ವಿಷಯ ನೆನಪಿಸಿದಳು. ಸಂಜೆ ಮೋಟಾರು ಆಫ್ ಮಾಡಿದ ಮೇಲೂ ಚಕ್ರಗಳು ಒಂದಷ್ಟು ಹೊತ್ತು ತಿರುಗುತ್ತಿದ್ದವು.

"ಅದಕ್ಕೆ ಕೈ ಹಾಕಕ್ಕೆ ಅಣ್ಣ ಬುಡ್ತಾನೇ ಇರ್ಲಿಲ್ಲ ಅಕ್ಕಾ. ಕೈಯಿಟ್ಟು ನಿಲ್ಸುದ್ರೆ ನೂಲು ಕಡೀತದೆ, ತಾನಾಗೇ ನಿಲ್ಲಬೇಕು ಅನ್ನೋರು. ಬೀಡಿ ಹಚ್ಕೊಂಡು ಶೆಡ್ಡೊಳಗಿನ ಆ ಕಟ್ಟೆ ಮ್ಯಾಲೆ ಕೂತ್ಕೊಂಡು ಕಿವಿ ಕೊಟ್ಟು ಕೇಳೋರು. ಎಲ್ಲಾ ಚಕ್ರ ನಿಂತ್ ಮ್ಯಾಲೇ ನಾವು ಮನೆಗೆ ಹೋಗದು."

ಇಷ್ಟು ವರ್ಷ ಅದೇ ಅಂಗಳದಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ. ಆ ಹೊತ್ತಿಗೆ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದೆ.

ತಾನಾಗೇ ನಿಲ್ಲುವ ಹಾಡು ಹುಡುಕಬೇಕು. ಮಗಳು ಸಿರಿ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. "ಅಮ್ಮಾ, ಹಿಂದೆ ಏನಮ್ಮ ಅದು ಪೀಪಿ ಸೌಂಡು?" ಎಂದು ಕೇಳಿದಳು. ಪೀಪಿ ಅಲ್ಲ, ಅದು ಟ್ರಂಪೆಟ್ಟು ಅಂದೆ.

ಫೆಬ್ರವರಿ 1, ಶನಿವಾರ

ಸಿಕ್ಕಿತು! ಹುರುಳಿಕಾಯಿ ಬಿಡಿಸುವಾಗ, ಬಟ್ಟೆ ಒಗೆಯುವಾಗ, ವಾರವೆಲ್ಲ ಕೇಳಿ ಕೇಳಿ ಸಿಕ್ಕಿತು. ಎಲ್ಲ ವಾದ್ಯಗಳೂ ಸೇರಿ ಶುರುವಾಗಿ, ಮೊದಲು ಕಹಳೆಯವರು ನಿಲ್ಲಿಸುತ್ತಾರೆ, ಆಮೇಲೆ ಡ್ರಮ್ಮು ನಿಲ್ಲುತ್ತದೆ. ಕೊನೆಗೆ ಪಿಯಾನೊ ಒಂದೇ ಉಳಿದು, ಹೆಜ್ಜೆ ಹೆಜ್ಜೆಗೂ ನಿಧಾನವಾಗುತ್ತ ಹೋಗುತ್ತದೆ. ಎಲ್ಲಿ ನಿಂತಿತು ಎಂದು ಗೊತ್ತೇ ಆಗುವುದಿಲ್ಲ.

ಕುಣಿಯುವವರ ಕಾಲೂ ಹಾಗೇ ನಿಧಾನವಾದವು. ಮುಗಿದಾಗ ಯಾರೂ ಕೂಗಲಿಲ್ಲ. ತಮ್ಮ ತಮ್ಮ ಬ್ಯಾಗು ತೆಗೆದುಕೊಂಡು, "ಬತ್ತೀವಿ ಅಕ್ಕಾ" ಎಂದು ಹೇಳಿ ಹೊರಟರು. ಶಶಾಂಕ್ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಅವನೂ ಇವತ್ತಿನಿಂದ ಮೇಡಂ ಬಿಟ್ಟು ಅಕ್ಕಾ ಅಂತಾನೆ.

ಇವರು ಊಟಕ್ಕೆ ಎದ್ದು ಕೂತಿದ್ದರು. ಕಿಟಕಿ ಒಸಿ ತೆರೆದಿತ್ತು, ನಾನಂತೂ ತೆಗೆದದ್ದಲ್ಲ.

"ಇದು ಪರ್ವಾಗಿಲ್ಲ" ಅಂದರು.

ಫೆಬ್ರವರಿ 8, ಶನಿವಾರ

ಗೆದ್ದ ಎತ್ತಿನ ಬಾಲ ಹಿಡಿಯೋಣ ಎಂದು ಅದೇ ಹಾಡು ಹಾಕಿದೆ.

"ಅದೇ ಹಾಡಾ?" ಅಂದರು, ಸಾರಿಗೆ ಉಪ್ಪು ಕಡಿಮೆಯಾದಾಗ ಅನ್ನುತ್ತಿದ್ದ ದನಿಯಲ್ಲಿ. ಸಿಟ್ಟು ಬಂತು. ಮಲಗಿದಲ್ಲೇ ಮಲಗಿರುವವರಿಗೆ ವಾರಕ್ಕೊಂದು ಹೊಸ ಹಾಡು ಬೇಕಂತೆ, ಮಹಾರಾಜರಿಗೆ! ಅಡುಗೆಮನೆಗೆ ಬಂದ ಮೇಲೆ ನಗು ತಡೆಯಲಾಗಲಿಲ್ಲ.

ಶೆಡ್ಡಿನ ನೆಲಕ್ಕೆ ಚಪ್ಪಲಿ ಜಾರುತ್ತದೆ. ಚನ್ನಪಟ್ಟಣಕ್ಕೆ ಹೋಗಿದ್ದಾಗ ಬಿಳಿ ಕ್ಯಾನ್ವಾಸ್ ಶೂ ತಂದೆ. ಬೀಗ ಹಾಕುವುದಕ್ಕೆ ಓಡಾಡಬೇಕಲ್ಲ, ಅದಕ್ಕೆ.

ಫೆಬ್ರವರಿ 12, ಬುಧವಾರ

ಕೆಂಪರಾಜು ಟೈಲ್ಸ್ ಅಂಗಡಿಯವನನ್ನು ಕರೆದುಕೊಂಡೇ ಬಂದ. ನಾನು ಬಾಯಿ ತೆರೆಯುವ ಮೊದಲೇ ಮಂಚದ ಹತ್ತಿರ ಹೋಗಿ, "ಏನಣ್ಣ, ಶೆಡ್ಡು ಕೊಟ್ಬುಡಣವಾ?" ಅಂದ.

"ಕೊಟ್ಬುಡಿ" ಅಂದರು. ಅಷ್ಟೇ.

ಮಾರ್ಚ್ ಒಂದಕ್ಕೆ ಅವರ ಮೊದಲ ಲಾರಿ ಬರುತ್ತದೆ. ಬರುವ ಶನಿವಾರ ಬಿಟ್ಟರೆ ಇಪ್ಪತ್ತೆರಡೇ ಕೊನೆ. ಪರ್ವಾಗಿಲ್ಲ ಅಂದ ಬಾಯಲ್ಲೇ ಕೊಟ್ಬುಡಿ ಅಂದರಲ್ಲ. ಇವರ ಮೇಲೆ ಎಷ್ಟು ಕೋಪ ಬಂದಿದೆ ಎಂದರೆ, ಇನ್ನು ಬರೆದರೆ ಪೆನ್ನು ಮುರಿಯುತ್ತದೆ.

ಫೆಬ್ರವರಿ 15, ಶನಿವಾರ

ಇವತ್ತು ನನ್ನನ್ನು ಕುಣಿಸಿದರು. ಒಬ್ಬರು ಬಂದಿರಲಿಲ್ಲ, ಮೇಷ್ಟರಿಗೆ ಜೋಡಿಯಿಲ್ಲ. ಜೈನಬ್ ನನ್ನ ಕೈಯಿಂದ ಬೀಗ ಕಿತ್ತುಕೊಂಡು, "ಓಗಕ್ಕಾ, ಶೂ ಬ್ಯಾರೆ ತಂದಿದ್ದೀಯ" ಎಂದು ನೂಕಿದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊರಿಗೆಲ್ಲ ಒಳ್ಳೆಯ ನೆಲ ಎಂದು ಹೆಸರಾದ್ದರಿಂದ ನಾನು ಶೂ ಡೊಂಕು ಅಂದೆ. ಈ ಕುಣಿತದಲ್ಲಿ ಒಬ್ಬರು ಕೈಯಲ್ಲೇ ದಾರಿ ತೋರಿಸುತ್ತಾರೆ, ಇನ್ನೊಬ್ಬರು ಅದು ತಿಳಿಯುವವರೆಗೆ ಕಾಯಬೇಕು. ಮೇಷ್ಟರು ಏದುಸಿರು ಬಿಡುತ್ತ, "ಅಮ್ಮಾ, ನಾನು ತೋರ್ಸೋಕೆ ಮುಂಚೆ ನೀವೇ ನನ್ನ ಎಳ್ಕೊಂಡು ಓಡ್ತೀರಲ್ಲಾ!" ಅಂದರು. ಎಲ್ಲರೂ ನನಗೆ ಇದೊಂದೇ ಮಾತು ಹೇಳುತ್ತಾರೆ.

ಆದರೂ ಒಂದು ಹಾಡಿನಲ್ಲಿ, ನಡುವೆ, ಕಾದೆ. ಕಾದಾಗ ಕಾಲು ತಾನಾಗಿಯೇ ಸರಿಯಾದ ಕಡೆ ಹೋಯಿತು. ಅದು ಹೇಗೆ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಕೊನೇ ಹಾಡು ಹಾಕಿ ಬೀಗ ಹಾಕಿ ಬರುವಷ್ಟರಲ್ಲಿ ಒಂಬತ್ತರ ಹತ್ತಿರ. "ಇವತ್ತು ಒಸಿ ಲೇಟಾಯ್ತಲ್ಲ" ಅಂದರು ಇವರು. ಒಂದು ದಿನ ಮುದ್ದೆ ಆರಿದರೆ ಏನಾಗುತ್ತದೆ?

ಫೆಬ್ರವರಿ 20, ಗುರುವಾರ

ನಾಡಿದ್ದಿಗೆ ಹಾಡು ಆರಿಸಿದ್ದೇನೆ. ಹಿಂದಿನದಕ್ಕಿಂತ ಚೆನ್ನಾಗಿದೆ. ಕೊನೆಯಲ್ಲಿ ಪಿಯಾನೊ ಇಲ್ಲ, ಡ್ರಮ್ಮಿನ ಮೇಲೆ ಕಡ್ಡಿಯಿಂದ ಸವರುವ ಸದ್ದು ಮಾತ್ರ ಉಳಿಯುತ್ತದೆ, ಚಕ್ರ ತಿರುಗಿ ತಿರುಗಿ ನಿಂತ ಹಾಗೆ. ಜೈನಬ್ ಕೇಳಿ, "ಇದೇ ಅಕ್ಕಾ, ಇದೇ ಸದ್ದು!" ಅಂದಳು. ಎಂಟೂ ಕಾಲಿಗೆ ಅವಳು ಹೋಗಿ ಇವರ ಕಿಟಕಿ ಪೂರ್ತಿ ತೆಗೆಯುತ್ತಾಳೆ. ಎಂಟೂವರೆಗೆ ನಾನು ಹಾಡು ಹಾಕುತ್ತೇನೆ. ಇದಕ್ಕೂ ಎದ್ದು ಬರದಿದ್ದರೆ, ಲಾರಿ ಬರಲಿ, ಟೈಲ್ಸ್ ಇಳಿಯಲಿ. ಇನ್ನು ನನ್ನಲ್ಲಿ ಬೇರೆ ಹಾಡಿಲ್ಲ.

ಭಯವಾಗುತ್ತಿದೆ. ಬರೆದರೆ ಕಡಿಮೆಯಾಗಬಹುದು ಎಂದುಕೊಂಡೆ, ಆಗಲಿಲ್ಲ.

ಫೆಬ್ರವರಿ 23, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಈಗಲೂ ಕಣಕಾಲು ನೋಯುತ್ತಿದೆ.

ಹಾಡು ಹಾಕಲಿಲ್ಲ ನಾನು. ಮರೆತೆ. ಹೇಗೆ ಮರೆತೆನೋ ಆ ಭಗವಂತನಿಗೇ ಗೊತ್ತು. ಕೊನೆಯ ದಿನ ಎಂದು ಎಲ್ಲರೂ ಬಂದಿದ್ದರು. ಗಿರಿಜಾಂಬನವರು ಮನೆಯಿಂದ ನಿಪ್ಪಟ್ಟು ಮಾಡಿಕೊಂಡು ಬಂದಿದ್ದರು. ಜೋಡಿ ಬದಲಾಗುತ್ತ ಬದಲಾಗುತ್ತ ನಾನು ಎಲ್ಲರ ಜೊತೆಯೂ ಕುಣಿದೆ. ಒಂದು ಸಲವೂ ಯಾರನ್ನೂ ಎಳೆಯಲಿಲ್ಲವಂತೆ, ಮೇಷ್ಟರೇ ಹೇಳಿದರು. ಜೈನಬ್ ಹೇಳಿದ ಹೊತ್ತಿಗೆ ಹೋಗಿ ಕಿಟಕಿ ತೆಗೆದು ಬಂದು, ನನಗೆ ಸನ್ನೆ ಮಾಡಿದಳಂತೆ. ನಾನು ಅವಳಿಗೆ ಕೈ ಬೀಸಿ ಮತ್ತೆ ತಿರುಗಿದೆನಂತೆ. ಒಂಬತ್ತು ದಾಟಿತ್ತು, ಬೀಗ ಎಲ್ಲಿದೆ ಎಂದೂ ನನಗೆ ನೆನಪಿರಲಿಲ್ಲ.

ಹಾಡಿನ ನಡುವೆ ಎದುರಿಗಿದ್ದ ಶಶಾಂಕ್ ನಿಂತುಬಿಟ್ಟ. "ಅಕ್ಕಾ" ಅಂದ, ಬಾಗಿಲು ತೋರಿಸಿ.

ಇವರು ಬಾಗಿಲಲ್ಲಿ ನಿಂತಿದ್ದರು. ಪಂಚೆ, ಬನಿಯನ್ನು, ಹೆಗಲ ಮೇಲೆ ಟವೆಲು. ಬರಿಗಾಲು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಎಲ್ಲರ ಮಧ್ಯೆ ನನ್ನನ್ನು ಹುಡುಕುತ್ತಿದ್ದರು. ಯಾರೋ ಹಾಡು ನಿಲ್ಲಿಸಿದರು.

"ಕೊನೆ ಹಾಡು ಹಾಕ್ಲೇ ಇಲ್ವಲ್ಲ" ಅಂದರು. "ಹೊತ್ತಾಯ್ತಾ ಬಂತು. ನಿಂಗೇನಾಯ್ತೋ ಅಂತ ಬಂದೆ."

ಶನಿವಾರ ಶನಿವಾರ ನಾನು ಹಾಡು ಹುಡುಕಿ ಸತ್ತದ್ದು ಇವರು ಎದ್ದು ಬರಲಿ ಎಂದು. ಇವರು ಅಲ್ಲಿ ಮಲಗಿಕೊಂಡು ಕಾಯುತ್ತಿದ್ದದ್ದು ಆ ಹಾಡು ಮುಗಿದು ನಾನು ಬರಲಿ ಎಂದು!

ಜೈನಬ್ ಕಣ್ಣೊರೆಸಿಕೊಂಡು, "ಬನ್ನಿ ಅಣ್ಣಾ, ಕೂತ್ಕಳಿ" ಎಂದು ಕಟ್ಟೆ ಒರೆಸಿದಳು. ಇವರು ನಿಧಾನವಾಗಿ ಒಳಗೆ ಬಂದರು. ಚಕ್ರಗಳಿದ್ದ ಜಾಗ ಬಳಸಿಕೊಂಡೇ ಬಂದರು, ಈಗಲೂ ಅಲ್ಲಿ ಇವೆಯೇನೋ ಎಂಬಂತೆ. ಕಟ್ಟೆಯ ಮೇಲೆ ತಮ್ಮ ಹಳೆಯ ಜಾಗದಲ್ಲೇ ಕೂತರು. ಪಾದದಿಂದ ನೆಲ ಉಜ್ಜಿ ನೋಡಿ, "ಯಾರು ಒರ್ಸದು ಇದ? ಈಪಾಟಿ ಜಾರ್ತೈತೆ. ಯಾರಾದ್ರೂ ಸೊಂಟ ಮುರ್ಕಂಡಾರು" ಅಂದರು. ಮೇಷ್ಟರು, "ಆಗ್ಲೇ ಎರಡು ಸಲ ಬಿದ್ದಿದ್ದೀನಿ ಸಾರ್" ಅಂದರು. ಎಲ್ಲರೂ ನಕ್ಕರು. ಇವರೂ.

ಆರಿಸಿಟ್ಟಿದ್ದ ಆ ಹಾಡು ಹಾಕಿದೆ. ಎಲ್ಲರೂ ಕುಣಿದರು. ನಾನು ಕಟ್ಟೆಯ ಮೇಲೆ ಇವರ ಪಕ್ಕ ಕೂತೆ. ಕೊನೆಗೆ ಕಡ್ಡಿ ಸವರುವ ಸದ್ದು ನಿಂತ ಮೇಲೂ ಇವರು ಕೇಳುತ್ತಲೇ ಇದ್ದರು. ಆಮೇಲೆ ಎದ್ದು, ಕೈ ಚಾಚಿದರು. ಬೀಗ ಕೇಳುತ್ತಿದ್ದರು. ಜೈನಬ್ ಕೊಟ್ಟಳು. ಇವರೇ ಹಾಕಿದರು.

ಇವತ್ತು ಬೆಳಿಗ್ಗೆ ಮತ್ತೆ ಮಂಚದಲ್ಲೇ ಇದ್ದಾರೆ. ನಾನೇನು ಪವಾಡ ಕಂಡೆನೆಂದು ಬರೆಯುವುದಿಲ್ಲ. ಕಾಫಿ ಕೊಟ್ಟಾಗ ಮುಖ ಈ ಕಡೆ ಇತ್ತು, ಕಿಟಕಿ ತೆರೆದಿತ್ತು. ಶೂ ಕೊಳೆಯಾಗಿದೆ, ತೊಳೆಯಬೇಕು ಎಂದು ಬಾಗಿಲಿಗೆ ಬಂದಿದ್ದೆ.

"ಬರೋ ಶನಿವಾರ ಯಾವ್ದಮ್ಮಿ ಹಾಡು?" ಅಂದರು ಹಿಂದಿನಿಂದ.

ಬರೋ ಶನಿವಾರ ಮಾರ್ಚ್ ಒಂದು, ಟೈಲ್ಸ್ ಲಾರಿ ಬರುವ ದಿನ. ಅದು ಇವರಿಗೂ ಗೊತ್ತು. ನಾನು ಶೂ ಕೆಳಗಿಟ್ಟು ಕೆಂಪರಾಜುವಿನ ನಂಬರಿಗೆ ಫೋನ್ ಹಚ್ಚಿದೆ. ಅದು ರಿಂಗಾಗುತ್ತಿರುವಾಗ, ಇನ್ನೂ ಆರಿಸಿಲ್ಲ, ನೀವೇ ಹೇಳಿ ಅಂದೆ.

ಕಾಫಿ ಲೋಟ ತಿರುಗಿಸುತ್ತ ಯೋಚಿಸಿದರು.

"ಯಾವ್ದಾರ ಹಾಕು. ಮಂಗಳ ಒಂದು ಬ್ಯಾಡ."